ನಿಮ್ಮ ಶಾಲೆ ಮಾತ್ರ ಬಾಕಿ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಆನ್‌ಲೈನ್ ಡಾಕ್ಯುಮೆಂಟುಗಳ ಸೃಜನಶೀಲ ಬಳಕೆ ಆಗುತ್ತಿಲ್ಲ ಎಂದು ಮರುಗುವ ಶಿಕ್ಷಣ ತಜ್ಞರನ್ನು ಯಾವುದಾದರೊಂದು ಕ್ಲಸ್ಟರಿನ ಮುಖ್ಯ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ವಾರದ ಮಟ್ಟಿಗೆ ಸೇರಿಸಬೇಕು. ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುವಷ್ಟರಲ್ಲಿ ದಿನದ ಮೊದಲ ಲಿಂಕ್ ಬಂದು ಬಿದ್ದಿರುತ್ತದೆ. ಅದರ ಕೆಳಗೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರ ಒಕ್ಕಣೆ: ‘ಅತಿ ತುರ್ತು. 11 ಗಂಟೆಯೊಳಗೆ ತಪ್ಪದೇ ತುಂಬುವುದು. ಮಾನ್ಯ ಬಿಇಒ ಸಾಹೇಬರು ಖುದ್ದು ಪರಿಶೀಲಿಸುತ್ತಾರೆ.’ ಐದನೇ ತರಗತಿಯ ಮೇಡಂ ಕಪ್ಪುಹಲಗೆಯ ಮೇಲೆ ಭಿನ್ನರಾಶಿಯ ಅಂಶ ಬರೆದು, ಗೆರೆ ಎಳೆದು, ಛೇದ ಬರೆಯುವ ಮೊದಲೇ ಮೊಬೈಲ್ ಹಿಡಿದುಕೊಂಡು ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಕಡೆ ನಡೆಯುತ್ತಾರೆ. 10.40ಕ್ಕೆ ‘ಕೆಳಕಂಡ ಶಾಲೆಗಳು ಬಾಕಿ’ ಎಂಬ ಪಟ್ಟಿ. 10.55ಕ್ಕೆ ಖಾಸಗಿಯಾಗಿ ಒಂದು ಸಂದೇಶ: ‘ನಿಮ್ಮ ಶಾಲೆ ಮಾತ್ರ ಬಾಕಿ.’ ಈ ಖಾಸಗಿ ಸಂದೇಶ ಅದೇ ನಿಮಿಷದಲ್ಲಿ ಹದಿನಾಲ್ಕು ಶಾಲೆಗಳಿಗೆ ಹೋಗಿರುತ್ತದೆ ಎಂಬ ಗುಟ್ಟು ಬಯಲಾಗುವುದು ಶಿಕ್ಷಕರ ದಿನಾಚರಣೆಯ ಊಟದ ಪಂಕ್ತಿಯಲ್ಲಿ.

ಲಿಂಕ್ ತೆರೆದರೆ ಕಾಣುವುದು ಗೂಗಲ್ ಶೀಟ್. ಅಡ್ಡಕ್ಕೆ ಎಷ್ಟು ದೂರ ಸರಿಸಿದರೂ ಮುಗಿಯದ ಕಾಲಂಗಳು. ನಲ್ಲಿ ಎಷ್ಟು, ಅದರಲ್ಲಿ ನೀರು ಬರುವ ನಲ್ಲಿ ಎಷ್ಟು, ಬರುವ ನೀರು ಕುಡಿಯಲು ಯೋಗ್ಯವೇ, ಯೋಗ್ಯವಲ್ಲದಿದ್ದರೆ ಕೈಗೊಂಡ ಕ್ರಮವೇನು, ಕ್ರಮದ ಫೋಟೊ ಅಪ್‌ಲೋಡ್ ಆಗಿದೆಯೇ. ಕೊನೆಯ ಸಾಲಿನಲ್ಲಿ ಕೆಂಪಕ್ಷರ: ‘ಮಾಹಿತಿ ಇಲ್ಲದಿದ್ದಲ್ಲಿ ಶೂನ್ಯ ಎಂದು ನಮೂದಿಸತಕ್ಕದ್ದು. ಖಾಲಿ ಬಿಟ್ಟಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.’ ಒಂದು ಗೂಗಲ್ ಶೀಟ್‌ನಲ್ಲಿ 1 ಕೋಟಿ ಖಾನೆಗಳಿಗೆ ಅವಕಾಶವಿದೆ. ಈ ಸಂಗತಿ ಇನ್ನೂ ಜಿಲ್ಲಾ ಕಚೇರಿಗಳ ಕಿವಿಗೆ ಬಿದ್ದಂತಿಲ್ಲ. ಬೀಳದಿರಲಿ.

ಇದೇ ಮಾಹಿತಿ ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಇದೆಯಲ್ಲ, ಕೇಂದ್ರದ ಯುಡೈಸ್‌ನಲ್ಲಿ ಇದೆಯಲ್ಲ ಎಂದು ಹೊಸದಾಗಿ ನೇಮಕವಾದ ಶಿಕ್ಷಕರು ಕೇಳುವುದುಂಟು. ಅನುಭವಿಗಳು ಕೇಳುವುದಿಲ್ಲ. ಸ್ಯಾಟ್ಸ್‌ನಲ್ಲಿರುವುದು ಸರಿಯಿದೆಯೇ ಎಂದು ನೋಡಲು ಶೀಟ್ ಬೇಕು, ಶೀಟ್‌ನಲ್ಲಿರುವುದು ಸರಿಯಿದೆಯೇ ಎಂದು ನೋಡಲು ಗೂಗಲ್ ಫಾರ್ಮ್ ಬೇಕು, ಫಾರ್ಮ್ ತುಂಬಿದ್ದಾರೆಯೇ ಎಂದು ನೋಡಲು ಇನ್ನೊಂದು ಶೀಟ್ ಬೇಕು. ಹೀಗೆ ಮಾಹಿತಿಯು ಮಾಹಿತಿಯನ್ನು ಕಾಯುತ್ತ ಕೂರುವ ಈ ವ್ಯವಸ್ಥೆಯಲ್ಲಿ ಮಗು ಎಲ್ಲಿದೆ ಎಂದು ಕೇಳಿದರೆ, ಕಾಲಂ ಎಂಟರಲ್ಲಿ ಇದೆ.

ಈಗ ನಿಜವಾದ ಸೃಜನಶೀಲತೆಗೆ ಬರೋಣ. ಮೂವತ್ತು ಶಾಲೆಗಳು ಒಂದೇ ಶೀಟ್‌ಗೆ ಕೈ ಹಾಕಿರುವಾಗ ಯಾರೋ ಒಬ್ಬರು, ತಮ್ಮ ಶಾಲೆಯ ಹೆಸರು ಬೇಗ ಸಿಗಲೆಂಬ ಸದುದ್ದೇಶದಿಂದ, ಮೊದಲ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿಬಿಡುತ್ತಾರೆ. ಶಾಲೆಗಳ ಹೆಸರುಗಳು ಅ-ದಿಂದ ಹ-ವರೆಗೆ ಶಿಸ್ತಾಗಿ ಸಾಲುಗಟ್ಟುತ್ತವೆ. ಅಂಕಿಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ. ಮರುಕ್ಷಣದಲ್ಲಿ ಬಾಲಕರ ಪ್ರೌಢಶಾಲೆಯಲ್ಲಿ 212 ಹೆಣ್ಣುಮಕ್ಕಳು ಕಲಿಯತೊಡಗುತ್ತಾರೆ. ಒಂಬತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ಹದಿನೇಳು ಶಿಕ್ಷಕರು. ಉರ್ದು ಶಾಲೆಯವರು ಮರಾಠಿ ಪಠ್ಯಪುಸ್ತಕಕ್ಕೆ ಬೇಡಿಕೆ ಇಟ್ಟಿರುತ್ತಾರೆ. ಮೂರು ವರ್ಷದಿಂದ ಗಣಿತ ಶಿಕ್ಷಕರಿಲ್ಲದ ಹಳ್ಳಿಯ ಶಾಲೆಯಲ್ಲಿ ‘ಹೆಚ್ಚುವರಿ ಶಿಕ್ಷಕರು: 4’ ಎಂದು ಕಂಡು, ಆ ನಾಲ್ವರನ್ನು ಬೇರೆಡೆಗೆ ವರ್ಗಾಯಿಸುವ ಕಡತ ಮೇಲಿನ ಕಚೇರಿಯಲ್ಲಿ ಏಳುತ್ತದೆ. ಒಂದು ಕ್ಲಿಕ್ಕಿನಲ್ಲಿ ಇಡೀ ತಾಲ್ಲೂಕಿನ ಶಿಕ್ಷಣವನ್ನು ಪುನಾರಚಿಸುವ ಇಂಥ ಕೆಲಸ ಯಾವ ಆಯೋಗದ ಕೈಯಲ್ಲೂ ಆಗಿಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. ‘ಆವೃತ್ತಿ ಇತಿಹಾಸ’ ಎಂಬ ಸೌಲಭ್ಯ ಅಲ್ಲೇ ಇದೆ. ಹತ್ತು ನಿಮಿಷ ಹಿಂದಿನ ಸ್ಥಿತಿಗೆ ಮರಳಿಸಿದರೆ ಮುಗಿಯಿತು. ಆದರೆ ಹಾಗೆ ಮರಳಿಸುವುದು ಯಾರಿಗೂ ಗೊತ್ತಿಲ್ಲದ್ದರಿಂದ ಗುಂಪಿನಲ್ಲಿ ಹೊಸ ಸಂದೇಶ ಬರುತ್ತದೆ: ‘ಯಾರೋ ಶೀಟ್ ಹಾಳು ಮಾಡಿದ್ದಾರೆ. ದಯವಿಟ್ಟು ಎಲ್ಲರೂ ಮತ್ತೊಮ್ಮೆ ತುಂಬಿ. ಬೇರೆಯವರ ಸಾಲು ಮುಟ್ಟಬೇಡಿ.’ ಸಂಜೆಗೆ ಅದರ ಉಪಸಂಹಾರ: ‘ಮೇಲ್ಕಂಡ ಮಾಹಿತಿಯನ್ನು ಸಹಿ, ಮೊಹರಿನೊಂದಿಗೆ ದ್ವಿಪ್ರತಿಯಲ್ಲಿ ಕಚೇರಿಗೆ ತಲುಪಿಸುವುದು.’ ಆ ಕಾಗದದ ಪ್ರತಿಯನ್ನು ಮುಂದಿಟ್ಟುಕೊಂಡು ಕಚೇರಿಯ ಗುಮಾಸ್ತರು ಮತ್ತೆ ಎಕ್ಸೆಲ್‌ನಲ್ಲಿ ಟೈಪ್ ಮಾಡುತ್ತಾರೆ. ಕಾಗದರಹಿತ ಆಡಳಿತಕ್ಕೆ ಬೇಕಾಗುವಷ್ಟು ಕಾಗದ ಹಳೆಯ ಆಡಳಿತಕ್ಕೆ ಎಂದೂ ಬೇಕಾಗಿರಲಿಲ್ಲ.

ಇನ್ನೊಂದು ಸೊಗಸಿದೆ. ಲಾಗಿನ್ ಆಗದೆ, ಬರೀ ಲಿಂಕ್ ಒತ್ತಿ ಒಳಬಂದವರಿಗೆ ಗೂಗಲ್ ತಾನೇ ಒಂದೊಂದು ಪ್ರಾಣಿಯ ಹೆಸರು, ಚಿತ್ರ ಕೊಡುತ್ತದೆ. ಅನಾಮಧೇಯ ವೊಂಬ್ಯಾಟ್, ಅನಾಮಧೇಯ ಕ್ಯಾಪಿಬಾರಾ, ಅನಾಮಧೇಯ ಡಿಂಗೊ. ಮೂವತ್ತು ವರ್ಷ ಸೇವೆ ಸಲ್ಲಿಸಿ, ಊರಿಡೀ ‘ದೊಡ್ಡ ಮಾಸ್ತರು’ ಎಂದು ಎದ್ದು ನಿಂತು ಗೌರವಿಸುವ ಹಿರಿಯರು ಶೀಟ್‌ನ ಮೂಲೆಯಲ್ಲಿ ವೊಂಬ್ಯಾಟ್ ಆಗಿ ಮಿಣಮಿಣ ಎನ್ನುತ್ತಿರುತ್ತಾರೆ. ಆ ಪ್ರಾಣಿಗಳ ಪಟ್ಟಿಯಲ್ಲಿ ಕ್ವಾಗ್ಗಾ ಎಂಬುದೂ ಒಂದು. ಅರ್ಧ ಮೈಗೆ ಮಾತ್ರ ಪಟ್ಟೆಯಿದ್ದ ಆಫ್ರಿಕಾದ ಝೀಬ್ರಾ ಅದು. ಕೊನೆಯದು ಆ್ಯಮ್‌ಸ್ಟರ್‌ಡ್ಯಾಮ್‌ನ ಮೃಗಾಲಯದಲ್ಲಿ 1883ರಲ್ಲಿ ಸತ್ತಿತು. ಹತ್ತು ಮಕ್ಕಳು ಉಳಿದಿರುವ ಕನ್ನಡ ಮಾಧ್ಯಮದ ಶಾಲೆಯ ಮುಖ್ಯ ಶಿಕ್ಷಕರಿಗೆ ಆ ಹೆಸರು ಬಂದ ದಿನ ಗೂಗಲ್‌ಗೆ ಕರ್ನಾಟಕದ ಶಿಕ್ಷಣ ನೀತಿ ತಿಳಿದಿದೆ ಎಂದೇ ಭಾವಿಸಬೇಕಾಗುತ್ತದೆ.

ಇಷ್ಟೆಲ್ಲ ಆಗುವಾಗ ಮಕ್ಕಳು ಎಲ್ಲಿದ್ದರು ಎಂದು ಕೇಳಬೇಡಿ. ಅವರು ಭಿನ್ನರಾಶಿಯ ಗೆರೆಯ ಕೆಳಗೆ ಏನು ಬರುತ್ತದೆ ಎಂದು ಕಾಯುತ್ತಿದ್ದರು.

ಈ ಉಪಕರಣ ಹುಟ್ಟಿದ್ದು ಇದಕ್ಕಲ್ಲ. ಒಂದು ಪುಟ್ಟ ಕಂಪನಿಯ ರೈಟ್ಲಿ ಎಂಬ ಬರವಣಿಗೆಯ ಸಾಧನವನ್ನು ಗೂಗಲ್ 2006ರಲ್ಲಿ ಕೊಂಡು ಡಾಕ್ಸ್ ಮಾಡಿತು. ನಮ್ಮ ಪಕ್ಕದ ಚೆನ್ನೈನ ಜೊಹೊ ಅದಕ್ಕೂ ಮೊದಲೇ, 2005ರಲ್ಲೇ, ರೈಟರ್ ಹೊರತಂದಿತ್ತು. 2010ರ ಹೊತ್ತಿಗೆ ಡಾಕ್ಸ್‌ನಲ್ಲಿ ಒಬ್ಬರು ಒತ್ತಿದ ಅಕ್ಷರ ಇನ್ನೊಬ್ಬರಿಗೆ ಆ ಕ್ಷಣವೇ ಕಾಣುವಂತಾಯಿತು. 2014ರಲ್ಲಿ ‘ಸಲಹೆ’ಯ ವಿಧಾನ ಬಂತು. ಮೂಲವನ್ನು ಕೆಡಿಸದೆ, ‘ಇಲ್ಲಿ ಹೀಗಿದ್ದರೆ ಹೇಗೆ’ ಎಂದು ಬಣ್ಣದಲ್ಲಿ ಬರೆದು, ಒಪ್ಪುವುದು ಬಿಡುವುದನ್ನು ಬರೆದವರಿಗೇ ಬಿಡುವ ವ್ಯವಸ್ಥೆ. ನೂರು ಜನ ಒಟ್ಟಿಗೆ ಕೂತು ಒಂದೇ ಪುಟ ತಿದ್ದಬಹುದು. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಉಳಿಯುತ್ತದೆ. ಕೂಡಿ ಬರೆಯುವುದು, ತಿದ್ದಿ ಬರೆಯುವುದು, ವಿನಯದಿಂದ ಒಪ್ಪದಿರುವುದು, ಈ ಮೂರನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಹಲಗೆ ಈಚೆಗೆ ಬಂದಿಲ್ಲ. ನಾವು ಅದನ್ನು ತೆಗೆದುಕೊಂಡು ಕೋಷ್ಟಕ ಎಳೆದೆವು. ವೀಣೆ ತಂದು ಬಟ್ಟೆ ಒಣಹಾಕಲು ತಂತಿ ಚೆನ್ನಾಗಿದೆ ಎಂದ ಮನೆಯವರ ಕಥೆ ನಮ್ಮದು.

ಕೂಡಿ ಕಲಿಯುವುದು ನಮಗೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಸುತ್ತ ಕೂತು, ಒಬ್ಬರಿಗೊಬ್ಬರು ಹೇಳಿಕೊಡುತ್ತ, ತಮ್ಮ ತಮ್ಮ ವೇಗದಲ್ಲಿ ಮುಂದಕ್ಕೆ ಹೋಗುತ್ತಿದ್ದರು. ಅದಕ್ಕೂ ಎಷ್ಟೋ ಮೊದಲು ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಪಠ್ಯಪುಸ್ತಕ ಮುಚ್ಚಿಟ್ಟು ಕಲಿಸುವ ಪ್ರಯೋಗ ನಡೆಸಿದರು. ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆ ಮಾಡಿಸುತ್ತಿದ್ದ ಮೇಷ್ಟ್ರುಗಳು ಪ್ರತಿ ಜಿಲ್ಲೆಯಲ್ಲೂ ಇದ್ದರು. ಈಗಲೂ ಇದ್ದಾರೆ, ಶೀಟ್ ತುಂಬುತ್ತಿದ್ದಾರೆ.

ಹಾಗಾದರೆ ಮಕ್ಕಳಿಗೆ ಡಾಕ್ಸ್ ತೋರಿಸಲು ಏನು ಅಡ್ಡಿ? ಮೊದಲನೆಯದು ಕಂಪ್ಯೂಟರ್. 2023–24ರ ಯುಡೈಸ್ ಪ್ಲಸ್ ಪ್ರಕಾರ ದೇಶದಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇದ್ದದ್ದು ಶೇ 57.2ರಷ್ಟು ಶಾಲೆಗಳಲ್ಲಿ, ಇಂಟರ್‌ನೆಟ್ ಇದ್ದದ್ದು ಶೇ 53.9ರಲ್ಲಿ. ‘ನಮ್ಮಲ್ಲಿ ಇಂಟರ್‌ನೆಟ್ ಇಲ್ಲ’ ಎಂಬ ಮಾಹಿತಿಯನ್ನು ಉಳಿದ ಶಾಲೆಯವರು ಇಂಟರ್‌ನೆಟ್ ಮೂಲಕ ತುಂಬಿದ್ದಾರೆ ಎಂಬುದನ್ನು ಗಮನಿಸಬೇಕು. ಸ್ವಂತ ಮೊಬೈಲ್, ಸ್ವಂತ ಡೇಟಾ, ಸ್ವಂತ ಭಾನುವಾರ. ಇನ್ನು ಕಂಪ್ಯೂಟರ್ ಇರುವ ಕಡೆ ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಯಂತ್ರಕ್ಕೊಂದು ಬಟ್ಟೆಯ ಹೊದಿಕೆ. ಆಯುಧಪೂಜೆಯ ದಿನ ಹೊದಿಕೆ ತೆಗೆದು, ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಬೂದುಗುಂಬಳ ಒಡೆದು, ಮತ್ತೆ ಹೊದಿಸುತ್ತಾರೆ. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ. ಯಾರೂ ಮುಟ್ಟದೆಯೇ ಹಾಳಾದ ಮೇಲೆ ಅದನ್ನು ಹಾಳಾದ ಕಂಪ್ಯೂಟರುಗಳ ಶೀಟ್‌ನಲ್ಲಿ ನಮೂದಿಸಬಹುದು.

ಎರಡನೆಯದು ತರಬೇತಿ. ಇದರ ಕೊರತೆಯಿಲ್ಲ. ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆ 2017ರಿಂದ ಇದೆ. ನಿಷ್ಠಾ ತರಬೇತಿ ಕೊರೊನಾ ಕಾಲದಲ್ಲಿ ಅದರೊಳಗೆ ಬಂದು ಕೂತಿತು. ವಿಡಿಯೊ ಓಡುತ್ತಿರುತ್ತದೆ, ಮೊಬೈಲ್ ಕುಕ್ಕರಿನ ಪಕ್ಕ ಗೋಡೆಗೊರಗಿರುತ್ತದೆ, ಮೂರನೇ ಸೀಟಿಗೆ ಮಾಡ್ಯೂಲ್ ಮುಗಿಯುತ್ತದೆ, ಪ್ರಮಾಣಪತ್ರ ಡೌನ್‌ಲೋಡ್ ಆಗುತ್ತದೆ, ಅದರ ಸ್ಕ್ರೀನ್‌ಶಾಟ್ ಗುಂಪಿಗೆ ಹೋಗುತ್ತದೆ, ‘ಪ್ರಮಾಣಪತ್ರ ಪಡೆದವರ ವಿವರ’ ಎಂಬ ಶೀಟ್ ಬರುತ್ತದೆ. ಮುಖಾಮುಖಿ ತರಬೇತಿಯೂ ಉಂಟು. ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಭಾಂಗಣದಲ್ಲಿ ‘ಸಹಯೋಗದ ಕಲಿಕೆಯಲ್ಲಿ ಆನ್‌ಲೈನ್ ಸಾಧನಗಳು’ ಎಂಬ ವಿಷಯ. ಅಂದು ನೆಟ್ ಇಲ್ಲ. ಸಂಪನ್ಮೂಲ ವ್ಯಕ್ತಿಗಳು ಎದೆಗುಂದದೆ ಗೂಗಲ್ ಡಾಕ್ಸ್‌ನ ಸ್ಕ್ರೀನ್‌ಶಾಟ್‌ಗಳ ಝೆರಾಕ್ಸ್ ಹಂಚುತ್ತಾರೆ. ‘ಇಲ್ಲಿ ಬಲಗಡೆ ಮೇಲೆ ನೀಲಿ ಬಟನ್ ಇದೆ ನೋಡಿ’ ಎನ್ನುತ್ತಾರೆ. ಝೆರಾಕ್ಸ್‌ನಲ್ಲಿ ಎಲ್ಲವೂ ಬೂದು. ಎಲ್ಲರೂ ಬೂದು ಬಣ್ಣದ ನೀಲಿ ಬಟನ್ನಿಗೆ ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಗುಂಪು ಚಟುವಟಿಕೆಯಾಗಿ ಒಂದು ಡ್ರಾಯಿಂಗ್ ಶೀಟ್‌ನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಗೂಗಲ್ ಡಾಕ್ಸ್‌ನ ಅನುಕೂಲಗಳು’ ಎಂದು ಬರೆದು ಗೋಡೆಗೆ ಅಂಟಿಸುತ್ತಾರೆ. ಬೇಕಾದರೆ ನಗಿ. ಅವತ್ತು ಆ ಕೋಣೆಯಲ್ಲಿ ನಡೆದ ಏಕೈಕ ಸಹಯೋಗದ ಬರವಣಿಗೆ ಆ ಡ್ರಾಯಿಂಗ್ ಶೀಟ್.

ಮೂರನೆಯದು ನಮ್ಮ ಕನ್ನಡ. ಸರ್ಕಾರಿ ಲೋಕದ ಬೆರಳುಗಳೆಲ್ಲ ನುಡಿ ತಂತ್ರಾಂಶದಲ್ಲಿ ಪಳಗಿದವು. ಅದರ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಕೂಡಿಸಿದ ಪ್ರಶ್ನೆಪತ್ರಿಕೆಯನ್ನು ಡಾಕ್ಸ್‌ಗೆ ತಂದು ಅಂಟಿಸಿದರೆ ಕಾಣುವುದು ರೋಮನ್ ಅಕ್ಷರಗಳ ನೂಕುನುಗ್ಗಲು, ಕೆಲವಕ್ಕೆ ಕೊಂಬು, ಕೆಲವಕ್ಕೆ ಟೋಪಿ. ಇದಕ್ಕೆ ನಮ್ಮ ಶಿಕ್ಷಕರು ಕಂಡುಹಿಡಿದ ಪರಿಹಾರ ನೋಡಿ: ಕಂಪ್ಯೂಟರ್ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಆ ಫೋಟೊವನ್ನು ಡಾಕ್ಸ್‌ಗೆ ಅಂಟಿಸಿ, ಅದನ್ನು ಪಿಡಿಎಫ್ ಮಾಡಿ, ಆ ಪಿಡಿಎಫ್‌ನ ಪ್ರಿಂಟ್ ತೆಗೆದು, ಪ್ರಿಂಟಿನ ಫೋಟೊವನ್ನು ಗುಂಪಿಗೆ ಹಾಕುವುದು. ತಿದ್ದಲಾಗದ, ಹುಡುಕಲಾಗದ, ಓದಲೂ ಆಗದ ಡಾಕ್ಯುಮೆಂಟ್. ಪರದೆಯ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬವೂ ಪ್ರಶ್ನೆಪತ್ರಿಕೆಯ ಭಾಗವಾಗಿರುತ್ತದೆ. ಅದೇ ಡಾಕ್ಸ್‌ನಲ್ಲಿ ಮೈಕ್ ಒತ್ತಿ ಕನ್ನಡ ಮಾತಾಡಿದರೆ ತಾನೇ ಟೈಪ್ ಆಗುತ್ತದೆ ಎಂಬುದು ಯಾವ ತರಬೇತಿಯ ಝೆರಾಕ್ಸಿನಲ್ಲೂ ಇರುವುದಿಲ್ಲ.

ಖಾಸಗಿ ಶಾಲೆಗಳಲ್ಲಿ ಈ ಬಡತನವಿಲ್ಲ. ಅಲ್ಲಿ ಮೂರನೇ ತರಗತಿಯಿಂದಲೇ ಪ್ರಾಜೆಕ್ಟುಗಳು ಆನ್‌ಲೈನ್. ಮಗುವಿಗೆ ಹದಿಮೂರು ತುಂಬದೆ ಸ್ವಂತ ಗೂಗಲ್ ಖಾತೆ ತೆರೆಯುವಂತಿಲ್ಲವಾದ್ದರಿಂದ ಶಾಲೆಯೇ ಒಂದು ಐಡಿ ಕೊಡುತ್ತದೆ, ಪಾಸ್‌ವರ್ಡ್ ಅಮ್ಮನಿಗೆ ಕೊಡುತ್ತದೆ. ಇದರಿಂದ ಕೆಲಸದ ಹಂಚಿಕೆ ಮೊದಲೇ ಸ್ಪಷ್ಟ. ಒಂಬತ್ತಕ್ಕೆ ಮಲಗುವ ಹುಡುಗಿ ರಾತ್ರಿ 12.15ಕ್ಕೆ ‘ಪಶ್ಚಿಮ ಘಟ್ಟದ ಜೀವವೈವಿಧ್ಯ’ದ ಮೇಲೆ ಎಂಟು ಸ್ಲೈಡ್ ಮಾಡಿದಳೆಂದು ಆವೃತ್ತಿ ಇತಿಹಾಸ ಸಾಕ್ಷಿ ಹೇಳುತ್ತದೆ. 12.40ಕ್ಕೆ ಅಪ್ಪ ಬಂದು ಅಕ್ಷರದ ಗಾತ್ರ ಬದಲಿಸಿದ್ದಾರೆ. 12.50ಕ್ಕೆ ಅಮ್ಮ ಅದನ್ನು ಮೊದಲಿನಂತೆ ಮಾಡಿದ್ದಾರೆ. ಸಹಯೋಗದ ಕಲಿಕೆ ಎಂದರೆ ಇದೇ. ಕಲಿತದ್ದು ಯಾರು ಎಂಬುದೊಂದನ್ನು ಬಿಟ್ಟು ಎಲ್ಲ ದಾಖಲಾಗಿದೆ.

ಈಗ ಅಮ್ಮನಿಗೂ ವಿಶ್ರಾಂತಿ ಸಿಕ್ಕಿದೆ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಪ್ರಬಂಧದ ಇತಿಹಾಸದಲ್ಲಿ ಇರುವುದು ಎರಡೇ ಆವೃತ್ತಿ. ಒಂದು ಖಾಲಿ ಹಾಳೆ, ಇನ್ನೊಂದು ಮುಗಿದ ಪ್ರಬಂಧ. ನಡುವೆ ಒಂದೂ ಕಾಟು ಹೊಡೆದ ಸಾಲಿಲ್ಲ. ಇದನ್ನು ಕಂಡು ಶಿಕ್ಷಕರು ಗಾಬರಿಯಾಗಿದ್ದಾರೆ. ಯಾಕೆ ಗಾಬರಿ? ಗೈಡ್ ನೋಡಿ ಬರೆದ ಉತ್ತರಕ್ಕೆ, ಹಲಗೆ ನೋಡಿ ಇಳಿಸಿಕೊಂಡ ನೋಟ್ಸ್‌ಗೆ, ‘ನಾನು ಮಾಡಿದ ಪ್ರವಾಸ’ವನ್ನು ಪ್ರವಾಸವನ್ನೇ ಮಾಡದ ನಲವತ್ತು ಮಕ್ಕಳು ಒಂದೇ ವಾಕ್ಯಗಳಲ್ಲಿ ಬರೆದದ್ದಕ್ಕೆ ನಾವು ಇಷ್ಟು ವರ್ಷ ಹತ್ತಕ್ಕೆ ಎಂಟು ಕೊಡುತ್ತ ಬಂದಿದ್ದೇವೆ. ಕಾಟು ಹೊಡೆದರೆ ಒಂದಂಕ ಕಡಿತ, ಶುದ್ಧ ಬರಹಕ್ಕೆ ಒಂದಂಕ ಹೆಚ್ಚು. ಯಂತ್ರ ನಾವು ಬಯಸಿದ ವಿದ್ಯಾರ್ಥಿಯೇ. ಕಾಟಿಲ್ಲ, ಸಂದೇಹವಿಲ್ಲ, ಪ್ರಶ್ನೆಯಿಲ್ಲ, ಅಕ್ಷರ ದುಂಡಗಿದೆ.

ಬರೆದು ಅಳಿಸಿದ್ದನ್ನು ತೋರಿಸುವುದರಲ್ಲೇ ಈ ಸಾಧನದ ನಿಜವಾದ ಬೆಲೆ ಇರುವುದು. ಒಂದು ವಾಕ್ಯ ನಾಲ್ಕು ಸಲ ಬದಲಾಗಿ ಐದನೆಯ ಸಲಕ್ಕೆ ಹೇಗೆ ನೆಟ್ಟಗಾಯಿತು ಎಂಬುದನ್ನು ಮಗುವಿನ ಕಣ್ಣೆದುರು ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸಬಹುದು. ನಮ್ಮ ಶಾಲೆಗಳಲ್ಲಿ ಆವೃತ್ತಿ ಇತಿಹಾಸದ ಬಳಕೆ ಒಂದಕ್ಕೇ: ಶೀಟ್ ಹಾಳು ಮಾಡಿದವರು ಯಾರು ಎಂದು ಪತ್ತೆಹಚ್ಚಲು. ಅದೂ ಆಗುವುದಿಲ್ಲ. ಪತ್ತೆಯಾದದ್ದು ‘ಅನಾಮಧೇಯ’ ಎಂಬುದಷ್ಟೇ.

ಡೇಟಾ ರಕ್ಷಣೆಯ ಮಾತನ್ನೂ ಆಡಿಬಿಡೋಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಕರೆದು, ಅವರ ಮಾಹಿತಿ ಬಳಸಲು ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದಿತು. ಇತ್ತ, ವಿದ್ಯಾರ್ಥಿಗಳ ಗುರುತಿನ ಅಪಾರ್ ಐಡಿಗಾಗಿಯೋ ವಿದ್ಯಾರ್ಥಿವೇತನಕ್ಕಾಗಿಯೋ ಸಿದ್ಧವಾದ ಶೀಟ್‌ನಲ್ಲಿ ಮಗುವಿನ ಹೆಸರು, ಆಧಾರ್ ಸಂಖ್ಯೆ, ಜಾತಿ, ತಂದೆಯ ಆದಾಯ, ತಾಯಿಯ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲ ಒಂದೇ ಸಾಲಿನಲ್ಲಿ ಕೈಕಟ್ಟಿ ನಿಂತಿರುತ್ತವೆ. ಲಿಂಕ್‌ನ ಅನುಮತಿ: ‘ಯಾರು ಬೇಕಾದರೂ ತಿದ್ದಬಹುದು.’ ಗುಂಪಿನಲ್ಲಿ ಇರುವವರು ನಿವೃತ್ತರು, ವರ್ಗವಾಗಿ ಹೋದವರು, ಒಬ್ಬ ಎಲ್‌ಐಸಿ ಏಜೆಂಟ್, ಮತ್ತು ನೋಟ್‌ಬುಕ್ ಸಗಟು ವ್ಯಾಪಾರಿ. ಮಗುವಿನ ಡಾಕ್ಯುಮೆಂಟ್ ಮಗುವೊಂದನ್ನು ಬಿಟ್ಟು ಎಲ್ಲರಿಗೂ ತೆರೆದಿದೆ.

ಆದರೂ ಒಂದು ಪ್ರಯೋಗ ಮಾಡೋಣ. ಏಳನೇ ತರಗತಿಯ ಮಕ್ಕಳಿಗೆ ಒಂದು ಖಾಲಿ ಶೀಟ್ ಕೊಟ್ಟೆವು ಎಂದಿಟ್ಟುಕೊಳ್ಳಿ. ವಿಷಯವನ್ನು ಅವರೇ ಆರಿಸಲಿ. ಮಳೆ ಅಳೆಯಬಹುದು, ಡಬ್ಬಿ ಇಟ್ಟು. ಅಜ್ಜಿಯರ ಬಾಯಲ್ಲಿ ಉಳಿದಿರುವ ಹೊಲಮನೆಯ ಮಾತುಗಳನ್ನು ಕೂಡಿಹಾಕಬಹುದು. ಮಕ್ಕಳಿಗೆ ಅವೆಲ್ಲ ಆಮೇಲೆ. ಮೊದಲು ಆರಿಸುವುದು ಊಟವನ್ನೇ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಎಂದು ಸರ್ಕಾರ ಹೇಳಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕ್ಷೀರಭಾಗ್ಯದ ಹಾಲು 2013ರಿಂದ ಇದೆ. ಮಕ್ಕಳು ಕಾಲಂ ಎಳೆದರು: ದಿನಾಂಕ, ಇಂದು ಬಂದವರು, ಬೇಯಿಸಿದ ಮೊಟ್ಟೆ, ಹಂಚಿದ ಬಾಳೆಹಣ್ಣು, ಹಾಲಿನ ಲೋಟ. ಮೊದಲ ವಾರ ಮೇಡಂಗೆ ಖುಷಿಯೋ ಖುಷಿ. ಸರಾಸರಿ ತೆಗೆದರು, ಶೇಕಡಾ ಕಲಿತರು, ದತ್ತಾಂಶ ನಿರ್ವಹಣೆಯ ಪಾಠವನ್ನು ಪುಸ್ತಕ ತೆರೆಯದೆ ಮುಗಿಸಿದರು. ಎರಡನೇ ವಾರ ಒಬ್ಬಳು ಹುಡುಗಿ ಹೊಸ ಕಾಲಂ ಸೇರಿಸಿದಳು: ‘ಕಚೇರಿ ರಿಜಿಸ್ಟರಿನಲ್ಲಿ ಬಂದವರು.’ ಇನ್ನೊಬ್ಬ ಪಕ್ಕದಲ್ಲಿ ಕಳೆಯುವ ಸೂತ್ರ ಹಾಕಿದ. ಮೂರನೇ ವಾರ ತರಗತಿ ನಾಯಕ ಪಾತ್ರೆಯ ಪಕ್ಕ ನಿಂತು ಮೊಟ್ಟೆ ಎಣಿಸಿದ. ಬಂದವರು 48, ರಿಜಿಸ್ಟರಿನಲ್ಲಿ 61. ಆ ಹದಿಮೂರು ಮೊಟ್ಟೆಗಳ ಬಗ್ಗೆ ‘ಕಮೆಂಟ್’ ಸೌಲಭ್ಯ ಬಳಸಿ ಒಂದು ಮಗು ಕೇಳಿತು: ‘ಸರ್, ಇವು ಎಲ್ಲಿ ಹೋದವು?’

ಸೃಜನಶೀಲ ಬಳಕೆ ಎಂದರೆ ಇದು. ಇದಾದ ಮಾರನೆಯ ದಿನ ಕಂಪ್ಯೂಟರ್ ಕೋಣೆಗೆ ಬೀಗ ಬೀಳುತ್ತದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ತುರ್ತು ಸಭೆ ಸೇರುತ್ತದೆ. ‘ಮಕ್ಕಳ ಕೈಗೆ ಇಂಟರ್‌ನೆಟ್ ಕೊಟ್ಟರೆ ದಾರಿ ತಪ್ಪುತ್ತಾರೆ’ ಎಂದು ಹಿರಿಯರೊಬ್ಬರು ನಿಟ್ಟುಸಿರು ಬಿಡುತ್ತಾರೆ. ಮೇಡಂಗೆ ಕಾರಣ ಕೇಳಿ ನೋಟಿಸ್. ನೋಟಿಸಿನ ಉತ್ತರವನ್ನು ಶೀಟ್‌ನ ಕಾಲಂ ಹನ್ನೆರಡರಲ್ಲಿ ತುಂಬಬೇಕು. ಸಂಕಿರಣಗಳಲ್ಲಿ ‘ವಿಮರ್ಶಾತ್ಮಕ ಚಿಂತನೆ’ ಬೆಳೆಸಬೇಕೆಂದು ಎದೆ ತಟ್ಟಿಕೊಳ್ಳುವವರಿಗೆ ಬೇಕಾದದ್ದು ಎರಡನೇ ವಾರಕ್ಕೆ ನಿಲ್ಲುವ ಚಿಂತನೆ.

ದಾರಿ ತಪ್ಪುವ ಮಾತು ಬಂದಿದ್ದರಿಂದ, ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್‌ನ 2024ರ ವರದಿ ನೋಡಿ. ಗ್ರಾಮೀಣ ಭಾರತದ 14ರಿಂದ 16ರ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಮಕ್ಕಳು ಹಾಳಾದರು ಎಂದು ಈ ಅಂಕಿಯನ್ನು ಓದುವವರು ಓದಿಕೊಳ್ಳಲಿ. ನನಗೆ ಕಾಣುವುದು ಬೇರೆ. ಬೆರಳು ಸಿದ್ಧವಿದೆ, ಬರೆಯಲು ಆಸೆಯಿದೆ, ಓದುವವರು ಬೇಕು ಎಂಬ ಹಂಬಲವೂ ಇದೆ. ಶಾಲೆ ಅವರಿಗೆ ಒಂದು ಪುಟವನ್ನೂ ಕೊಡದೇ ಇದ್ದಾಗ ಅವರು ರೀಲ್ಸ್‌ಗೆ ಹೋದರು.

ಆ ಪುಟ ಕೊಡಲು ಶಿಕ್ಷಕರ ಕೈ ಬಿಡಿಸುವುದಕ್ಕೆ ಕಾನೂನು ಇಲ್ಲದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನು ಪಾಠದಾಚೆಯ ಕೆಲಸಕ್ಕೆ ಹಚ್ಚುವಂತಿಲ್ಲ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ, ಈ ಮೂರಕ್ಕೆ ಮಾತ್ರ ವಿನಾಯಿತಿ. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅದೇ ಶಿಕ್ಷಕರು ಆ್ಯಪ್ ಹಿಡಿದು, 60 ಪ್ರಶ್ನೆ ಹೊತ್ತು ಮನೆಮನೆ ಸುತ್ತಿದರು. ದಸರಾ ರಜೆ ಮುಗಿದರೂ ಸಮೀಕ್ಷೆ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಅಕ್ಟೋಬರ್ 18ರವರೆಗೆ ಮುಚ್ಚಿದ್ದವು. ಅದು ಜನಗಣತಿಯೇ ಅಲ್ಲವೇ ಎಂಬುದನ್ನು ವಕೀಲರು ನೋಡಿಕೊಳ್ಳಲಿ. ದಿನನಿತ್ಯದ ಗೂಗಲ್ ಶೀಟ್ ಅಂತೂ ಜನಗಣತಿಯಲ್ಲ, ಚುನಾವಣೆಯೂ ಅಲ್ಲ. ಉಳಿದದ್ದು ವಿಪತ್ತು. ಇಲಾಖೆ ಅದನ್ನು ಆ ಬಾಬತ್ತಿನಲ್ಲೇ ಅಧಿಕೃತವಾಗಿ ಘೋಷಿಸಿಬಿಟ್ಟರೆ ಶಿಕ್ಷಕರಿಗೆ ಪರಿಹಾರವಾದರೂ ಸಿಕ್ಕೀತು.

ಆದ್ದರಿಂದ ಕಚೇರಿಯಲ್ಲಿ ಕೂತ ಸಾಹೇಬರಲ್ಲಿ ಒಂದು ಅರಿಕೆ. ಸ್ಯಾಟ್ಸ್‌ನಲ್ಲಿ ಇರುವುದನ್ನು ಸ್ಯಾಟ್ಸ್‌ನಲ್ಲೇ ನೋಡಿ. ಶಾಲೆಯ ಅವಧಿಯಲ್ಲಿ ಲಿಂಕ್ ಕಳಿಸಬೇಡಿ. ಮಕ್ಕಳ ಆಧಾರ್ ಇರುವ ಶೀಟ್‌ನ ಅನುಮತಿಯನ್ನು ಇವತ್ತೇ ಬದಲಿಸಿ, ಅದಕ್ಕೆ ಬೇಕಾದದ್ದು ಎರಡು ಕ್ಲಿಕ್. ಮೇಷ್ಟ್ರೇ, ಮೇಡಂ, ನಿಮ್ಮಲ್ಲೂ ಒಂದು ಮಾತು. ಅಪ್ಪಿತಪ್ಪಿ ಒಂದು ದಿನ ಯಾವ ಲಿಂಕೂ ಬರದೆ ಹೋದರೆ, ಕಾಲಂ ಇಲ್ಲದ ಒಂದು ಖಾಲಿ ಪುಟವನ್ನು ಮಕ್ಕಳಿಗೆ ತೆರೆದುಕೊಡಿ. ಮೊಬೈಲ್ ನಿಮ್ಮದೊಂದೇ ಆದರೂ ಪರವಾಗಿಲ್ಲ, ಸರದಿಯಲ್ಲಿ ಒಬ್ಬೊಬ್ಬರು ಒಂದೊಂದು ಸಾಲು ಬರೆಯಲಿ. ತಪ್ಪು ಬರೆಯಲಿ, ಬೇರೆಯವರ ಸಾಲನ್ನೂ ಮುಟ್ಟಲಿ. ಆ ಪುಟದ ಫೋಟೊ ತೆಗೆಯಬೇಡಿ, ಲಿಂಕನ್ನು ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ. ಹಾಕಿದರೆ ನಾಳೆ ಬೆಳಿಗ್ಗೆ 11 ಗಂಟೆಯೊಳಗೆ ಎಲ್ಲ ಶಾಲೆಗಳೂ ಅಂಥದ್ದೊಂದು ಖಾಲಿ ಪುಟವನ್ನು ನಿಗದಿತ ನಮೂನೆಯಲ್ಲಿ ತುಂಬಿ ಕಳಿಸಬೇಕಾಗುತ್ತದೆ.